ಬೆಡ್‌ರೂಮ್ ಒಂದು ಪದ, ಡೈನಿಂಗ್ ರೂಮ್ ಯಾಕೆ ಎರಡು?

ಪ್ರಶ್ನೆ: ಇಂಗ್ಲಿಷ್‌ನಲ್ಲಿ ನೋಟ್‌ಬುಕ್ ಕೂಡಿಸಿ ಬರೆಯುತ್ತಾರೆ, ಐಸ್ ಕ್ರೀಮ್ ಬಿಡಿಸಿ ಬರೆಯುತ್ತಾರೆ, ಮದರ್-ಇನ್-ಲಾ ನಡುವೆ ಗೆರೆ ಹಾಕುತ್ತಾರೆ. ಇದಕ್ಕೆ ಒಂದು ನಿಯಮ ಅಂತ ಇಲ್ವಾ?

ಉತ್ತರ: ಇಲ್ಲ. ಇಂಗ್ಲಿಷ್ ಪ್ರೂಫ್ ತಿದ್ದುವುದೇ ನನ್ನ ಕೆಲಸ. ಆದರೂ ಇಂಥ ಪದ ಬಂದಾಗ ನಾನು ವ್ಯಾಕರಣದ ಪುಸ್ತಕ ಮುಟ್ಟುವುದಿಲ್ಲ, ಡಿಕ್ಷನರಿ ತೆಗೆಯುತ್ತೇನೆ.

ಎರಡು ಪದ ಮೊದಲು ಬೇರೆ ಬೇರೆ ಇರುತ್ತವೆ. ಜನ ಬಳಸಿ ಬಳಸಿ ನಡುವೆ ಹೈಫನ್ ಬರುತ್ತದೆ, ಎಷ್ಟೋ ಸಲ ಕೊನೆಗೆ ಅದೂ ಬಿದ್ದುಹೋಗುತ್ತದೆ. ಇಪ್ಪತ್ತನೇ ಶತಮಾನದ ಶುರುವಿನ ಪುಸ್ತಕಗಳನ್ನು ತೆರೆದು ನೋಡಿ, ಟುಡೇ, ಟುಮಾರೋ ಪದಗಳಲ್ಲೂ ಹೈಫನ್ ಕಾಣುತ್ತದೆ. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ 2010ರಲ್ಲಿ ವೆಬ್‌ಸೈಟ್ ಅನ್ನು ಒಂದೇ ಪದ ಮಾಡಿತು, 2011ರಲ್ಲಿ ಇ-ಮೇಲ್‌ನ ಗೆರೆ ತೆಗೆಯಿತು.

ಆದರೆ ಎಲ್ಲ ಪದಗಳೂ ಈ ದಾರಿ ಹಿಡಿಯುವುದಿಲ್ಲ. 2007ರಲ್ಲಿ ಶಾರ್ಟರ್ ಆಕ್ಸ್‌ಫರ್ಡ್ ಡಿಕ್ಷನರಿ ಸುಮಾರು 16,000 ಹೈಫನ್‌ಗಳನ್ನು ಕಿತ್ತುಹಾಕಿತು. ಆಗ ಬಂಬಲ್‌ಬೀ, ಕ್ರೈಬೇಬಿ ಕೂಡಿಕೊಂಡವು. ಐಸ್ ಕ್ರೀಮ್ ಮಾತ್ರ ಉಲ್ಟಾ ಹೋಗಿ ಎರಡಾಯಿತು!

ಪದದ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಒಂದು ಮನೆಯನ್ನೇ ನೋಡಿ. ಬೆಡ್‌ರೂಮ್, ಬಾತ್‌ರೂಮ್ ಕೂಡಿವೆ. ಲಿವಿಂಗ್ ರೂಮ್, ಡೈನಿಂಗ್ ರೂಮ್ ಬಿಡಿಯಾಗಿವೆ. ಎರಡೂ ತುಂಡು ಚಿಕ್ಕದಾದರೆ ಬೇಗ ಅಂಟುತ್ತವೆ, ಉದ್ದವಾದರೆ ಕಣ್ಣಿಗೆ ಭಾರ. ಇದನ್ನೂ ನಿಯಮ ಅನ್ನಬೇಡಿ. ಹೈ ಸ್ಕೂಲ್‌ನ ಎರಡೂ ತುಂಡು ಚಿಕ್ಕವೇ, ಬಳಕೆಯೂ ಜಾಸ್ತಿ, ಆದರೂ ಅದು ಇವತ್ತಿಗೂ ಎರಡು ಪದ. ಒಂದೇ ಅಕ್ಷರ ಜೋಡಿ ಜೋಡಿಯಾಗಿ ಬಂದರೆ ಓದಲು ಕಷ್ಟ, ಅದಕ್ಕೇ ಬಿಡಿಸುತ್ತಾರೆ ಅಂತಲೂ ಕೆಲವರು ಹೇಳುತ್ತಾರೆ. ಹಾಗಾದರೆ ಬುಕ್‌ಕೀಪರ್? ಓ ಎರಡು, ಕೆ ಎರಡು, ಈ ಎರಡು, ಸಾಲಾಗಿ ನಿಂತಿವೆ. ಯಾರೂ ಬಿಡಿಸಲಿಲ್ಲ.

ಹಾಗಾಗಿ ಒಂದು ಡಿಕ್ಷನರಿ ಹಿಡಿದು ಅದನ್ನೇ ನಂಬಿ. ಒಂದೇ ಲೇಖನದಲ್ಲಿ ಮೇಲೆ ಹೆಲ್ತ್‌ಕೇರ್ ಕೂಡಿಸಿ, ಕೆಳಗೆ ಬಿಡಿಸಿ ಬರೆದಿದ್ದರೆ ನಾನು ಖಂಡಿತ ಗುರುತು ಹಾಕುತ್ತೇನೆ.

ಒಂದು ಕಡೆ ಮಾತ್ರ ಸುಮ್ನೆ ಬಿಡುವ ಹಾಗಿಲ್ಲ. ಲಾಗಿನ್, ಸೆಟಪ್, ಬ್ಯಾಕಪ್ ಇವು ವಸ್ತುವಿನ ಹೆಸರಾದಾಗ ಒಂದೇ ಪದ. ಕೆಲಸ ಹೇಳುವಾಗ, ಅಂದರೆ ಲಾಗ್ ಇನ್ ಮಾಡಿ ಅನ್ನುವಾಗ, ಎರಡು ಪದ. ವೆಬ್‌ಸೈಟ್, ಆ್ಯಪ್‌ಗಳ ಬಟನ್ ಮೇಲೆ ಬರೆಯುವವರೇ ಇದರಲ್ಲಿ ಜಾಸ್ತಿ ತಪ್ಪುತ್ತಾರೆ.