ಕಾಸರಗೋಡಿನ ತರಗತಿ ಗುಂಪಿನಲ್ಲಿ ಯಾವ ಭಾಷೆ?

ನೀವು ಮೈಸೂರಿನಿಂದ ನಮ್ಮ ಕಡೆಗೆ ಪಾಠ ಮಾಡಲು ಬರುವವರು. ಇಲ್ಲಿನ ವಿದ್ಯಾರ್ಥಿಗಳು ವಾಟ್ಸ್‌ಆ್ಯಪ್‌ನಲ್ಲಿ ಗುರುಗಳಿಗೇ ಕಲಬೆರಕೆ ಭಾಷೆಯಲ್ಲಿ ಬರೆಯುತ್ತಾರಲ್ಲ, ಇದು ಅಸಡ್ಡೆಯಲ್ಲವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಕಾಸರಗೋಡಿನಲ್ಲಿ ಕನ್ನಡ ಕಲಿಸುವವನಾಗಿ ಧೈರ್ಯದಿಂದ ಹೇಳುತ್ತೇನೆ.

ಒಂದು ಸಂದೇಶ ನೋಡಿ: "ನಾಳೆ ಇಂಟರ್ನಲ್ ಉಂಡೋ ಸರ್?" ನಾಳೆ ಆಂತರಿಕ ಪರೀಕ್ಷೆ ಇದೆಯೇ ಎಂದರ್ಥ. ಬಂದದ್ದು ಇಂಗ್ಲಿಷ್ ಅಕ್ಷರಗಳಲ್ಲಿ. ಮೊದಲ ಪದ ಕನ್ನಡದ್ದೂ ಹೌದು, ಮಲಯಾಳದ್ದೂ ಹೌದು. "ಉಂಡೋ" ಮಾತ್ರ ಅಪ್ಪಟ ಮಲಯಾಳ. ಬರೆದ ಹುಡುಗಿಯ ಮನೆಮಾತು ತುಳು, ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮಲಯಾಳವನ್ನು ಅವಳು ಪೇಟೆಯಲ್ಲಿ, ಬಸ್ಸಿನಲ್ಲಿ ಕಿವಿಯಿಂದ ಕಲಿತವಳು. ಅದರ ಲಿಪಿ ಅವಳಿಗೆ ಸರಾಗವಾಗಿ ಬಾರದು. ಪಕ್ಕದಲ್ಲಿ ಕೂರುವ ಗೆಳತಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಕನ್ನಡದ ಮನೆಗಳಿಂದ ಬಂದವರೂ ಅದೇ ಗುಂಪಿನಲ್ಲಿದ್ದಾರೆ. ಎಲ್ಲರೂ ಓದಬಲ್ಲ ಲಿಪಿ ಇಂಗ್ಲಿಷಿನದು, ಎಲ್ಲರಿಗೂ ತಿಳಿಯುವ ಮಾತು ಈ ಬೆರಕೆ. ಯಾರನ್ನೂ ಹೊರಗಿಡಬಾರದೆಂಬ ಎಚ್ಚರ ಅದರಲ್ಲಿದೆ.

ಅದೇ ಹುಡುಗಿ ನನಗೊಬ್ಬನಿಗೇ ಬರೆಯುವಾಗ "ಬಸ್ ಪೋಂಡು ಸರ್" ಎಂದು ತುಳುವಿಗೆ ಇಳಿಯುತ್ತಾಳೆ. ಬಸ್ಸು ಹೋಯಿತು, ತಡವಾಗುತ್ತದೆ ಎಂದರ್ಥ. ರಜಾ ಅರ್ಜಿಯಾದರೆ "ಮಾನ್ಯರೇ" ಎಂದು ಶುರು ಮಾಡಿ, ಕಾಗದದಲ್ಲಿ ದುಂಡಗೆ ಕನ್ನಡದಲ್ಲಿ ಬರೆದು ಫೋಟೊ ಕಳುಹಿಸುತ್ತಾಳೆ. ಎಲ್ಲಿ ಹೇಗೆ ಮಾತನಾಡಬೇಕೆಂಬುದು ಈ ಮಕ್ಕಳಿಗೆ ಚೆನ್ನಾಗಿ ಗೊತ್ತು. ಇನ್ನು ತೆಂಕಣ ಕೇರಳದಿಂದ ಬಂದ ವಿದ್ಯಾರ್ಥಿಗಳು ಗುರುಗಳನ್ನು ಮುಖಾಮುಖಿ "ನೀವು" ಎನ್ನಲು ಹಿಂಜರಿಯುತ್ತಾರೆ. "ಸರ್ ನಾಳೆ ಬರುತ್ತಾರೆಯೇ?" ಎಂದು ನಿಮ್ಮನ್ನೇ ಕೇಳಿದರೆ ಬೇರೆ ಯಾರ ಬಗ್ಗೆಯೋ ವಿಚಾರಿಸುತ್ತಿದ್ದಾರೆಂದು ತಿಳಿಯಬೇಡಿ.

ನನಗೆ ನೋವಾಗುವುದು ಬೇರೆ ಕಡೆ. ವಿದ್ಯಾರ್ಥಿವೇತನದ ಕೊನೆಯ ದಿನಾಂಕವೋ ಶುಲ್ಕ ರಿಯಾಯಿತಿಯ ಸುತ್ತೋಲೆಯೋ ಬರಿ ಮಲಯಾಳದಲ್ಲಿ ಬಂದು ಗುಂಪಿನಲ್ಲಿ ಬೀಳುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ಅದನ್ನು ನೋಡಿ ಸುಮ್ಮನಾಗುತ್ತಾರೆ. ಓದಲು ಬಾರದೆಂದು ಎಲ್ಲರೆದುರು ಹೇಳಿಕೊಳ್ಳಲು ಸಂಕೋಚ. 1956ರಲ್ಲಿ ಗಡಿ ಬದಲಾಗಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರ ಅಜ್ಜ ಅಜ್ಜಿಯರ ಶಾಲೆಯ ಭಾಷೆ ಬದಲಾಗಲಿಲ್ಲ. ಕನ್ನಡಿಗರು ತಮ್ಮ ಭಾಷೆಯಲ್ಲೇ ಸರ್ಕಾರದೊಡನೆ ವ್ಯವಹರಿಸುವ ಹಕ್ಕು ಕೇರಳದ ಅಧಿಕೃತ ಭಾಷಾ ಕಾನೂನಿನಲ್ಲೇ ಇದೆ. ಆದರೆ ಮೊಬೈಲಿನ ಗುಂಪಿಗೆ ಕಾನೂನು ಇಣುಕುವುದಿಲ್ಲ. ಅಂಥ ಸುತ್ತೋಲೆ ಬಂದ ಕೂಡಲೇ ನಾನು ಅದರ ಸಾರವನ್ನು ಕನ್ನಡ ಲಿಪಿಯಲ್ಲಿ ಬರೆದು ಹಾಕುತ್ತೇನೆ, ಓದಲಾಗದವರಿಗೆ ಧ್ವನಿ ಸಂದೇಶ ಕಳುಹಿಸುತ್ತೇನೆ. ಮಲಯಾಳಿ ಸಹೋದ್ಯೋಗಿಗಳೂ ಅರ್ಥ ಬಿಡಿಸಿ ಹೇಳಿ ನೆರವಾಗುತ್ತಾರೆ.

ಹಾಗಾಗಿ ಬಂದ ಮೊದಲ ವಾರವೇ ಮಕ್ಕಳ ಬೆರಕೆಯನ್ನು ತಿದ್ದಲು ಹೋಗಬೇಡಿ. ಅವರು ಯಾವುದರಲ್ಲಿ ಬರೆದರೂ ನೀವು ಶುದ್ಧ ಕನ್ನಡದಲ್ಲಿ ಉತ್ತರಿಸಿ. ಕೆಲವರಾದರೂ ತಾವಾಗಿಯೇ ಕನ್ನಡ ಕೀಲಿಮಣೆಗೆ ಬರುತ್ತಾರೆ. ಅದಕ್ಕಿಂತ ಮುಂಚೆ ಯಾರಿಗೆ ಯಾವ ಲಿಪಿ ಓದಲು ಬರುತ್ತದೆಂದು ಕೇಳಿ ಬರೆದಿಟ್ಟುಕೊಳ್ಳಿ. ಆ ಪ್ರಶ್ನೆಯನ್ನು ಗುಂಪಿನಲ್ಲಿ ಹಾಕಬೇಡಿ, ಒಬ್ಬೊಬ್ಬರನ್ನೇ ಕೇಳಿ.