ಕುಟುಂಬ ಅಧ್ಯಯನಕ್ಕೆ ಒಡನಾಡಿಗಳು ಎಲ್ಲಿ ಸಿಗುತ್ತಾರೆ?

ಪ್ರಶ್ನೆ: ದುಡಿಮೆಗಾಗಿ ವಲಸೆ ಹೋದವರ ಮನೆಗಳಲ್ಲಿ ಅಜ್ಜಿಯರೇ ಮೊಮ್ಮಕ್ಕಳನ್ನು ಸಾಕುವುದರ ಕುರಿತು ಪಿಎಚ್.ಡಿ. ಸಂಶೋಧನೆ ಆರಂಭಿಸಿದ್ದೇನೆ. ಈ ವಿಷಯದಲ್ಲಿ ತೊಡಗಿರುವವರ ಪರಿಚಯ ಬೆಳೆಸಿಕೊಳ್ಳುವುದು ಹೇಗೆ?
– ಓದುಗರೊಬ್ಬರು, ಗದಗ

ಉತ್ತರ: ದೂರದ ಸಮ್ಮೇಳನಗಳನ್ನು ಹುಡುಕುವ ಮೊದಲು ಧಾರವಾಡಕ್ಕೆ ಹೋಗಿ ಬನ್ನಿ. ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜಿನಲ್ಲಿ (ಹಿಂದಿನವರು ಇದನ್ನು ಇಂದಿಗೂ ಗೃಹ ವಿಜ್ಞಾನವೆಂದೇ ಕರೆಯುತ್ತಾರೆ) ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನದ ವಿಭಾಗವಿದೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಮತ್ತು ಸಮಾಜಕಾರ್ಯದವರಿದ್ದಾರೆ. ಜೆಎಸ್ಎಸ್ ಆರ್ಥಿಕ ಸಂಶೋಧನಾ ಸಂಸ್ಥೆಯಲ್ಲಿರುವ ಜನಸಂಖ್ಯಾ ಸಂಶೋಧನಾ ಕೇಂದ್ರದಲ್ಲಿ ಕುಟುಂಬ ಸಮೀಕ್ಷೆಯ ಅಂಕಿಅಂಶಗಳನ್ನು ಓದಬಲ್ಲವರು ಸಿಗುತ್ತಾರೆ. ಈ ಮೂರೂ ಕಡೆಯವರು ಒಂದೇ ಮನೆಯನ್ನು ಮೂರು ಬಗೆಯಾಗಿ ನೋಡುವುದರಿಂದ, ನಿಮ್ಮ ಪ್ರಶ್ನಾವಳಿಯನ್ನು ಕ್ಷೇತ್ರಕ್ಕೆ ಒಯ್ಯುವ ಮುನ್ನ ಅವರಿಗೆ ತೋರಿಸಿದರೆ ಅದರ ಲೋಪಗಳು ಅಲ್ಲಿಯೇ ಬಯಲಾಗುತ್ತವೆ.

ತರಬೇತಿಗೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ ನೆರವಿನಿಂದ ನಡೆಯುವ ಹತ್ತು ದಿನಗಳ ಸಂಶೋಧನಾ ವಿಧಾನ ಶಿಬಿರಗಳು ಉಪಯುಕ್ತ. ಪ್ರಮಾಣಪತ್ರಕ್ಕಾಗಿಯೇ ಶಿಬಿರದಿಂದ ಶಿಬಿರಕ್ಕೆ ಅಲೆಯುವವರೂ ಇದ್ದಾರೆ. ಆ ಸಾಲಿಗೆ ಸೇರಬೇಡಿ. ಅಮೆರಿಕದಲ್ಲಿ 1938ರಲ್ಲಿ ಆರಂಭವಾದ ನ್ಯಾಷನಲ್ ಕೌನ್ಸಿಲ್ ಆನ್ ಫ್ಯಾಮಿಲಿ ರಿಲೇಷನ್ಸ್ ಸಂಸ್ಥೆಯು ವಾರ್ಷಿಕ ಸಮ್ಮೇಳನ ನಡೆಸುತ್ತದೆ, ಆದರೆ ಪ್ರಯಾಣದ ವೆಚ್ಚವನ್ನು ನೆನೆದರೆ ಸದ್ಯಕ್ಕೆ ಅದರ ಸಂಶೋಧನಾ ಪತ್ರಿಕೆಗಳನ್ನು ಓದುವುದೇ ಲೇಸು.

ಸಮ್ಮೇಳನದ ಊಟದ ಸಾಲಿನಲ್ಲಿ ವಿಸಿಟಿಂಗ್ ಕಾರ್ಡ್ ಹಂಚುವುದರಿಂದ ಒಡನಾಟ ಬೆಳೆಯುವುದಿಲ್ಲ. ಯಾರ ಲೇಖನವನ್ನು ನಿಜವಾಗಿಯೂ ಓದಿದ್ದೀರೋ ಅವರಿಗೆ, ಅದರಲ್ಲಿನ ಒಂದು ಅಂಶವನ್ನು ಎತ್ತಿಕೊಂಡು, ನಿಮ್ಮ ಎರಡು ಪುಟಗಳ ಟಿಪ್ಪಣಿಯೊಂದಿಗೆ ಪತ್ರ ಬರೆಯಿರಿ.