ಡಿಸ್‌ಗ್ರಾಫಿಯಾ (ಕೈಬರಹ ಕಷ್ಟವಾಗುವ ಕಲಿಕಾ ನ್ಯೂನತೆ) ಇರುವ ಮಗನಿಗೆ ಸಿಬಿಎಸ್‌ಇ ಹತ್ತನೇ ತರಗತಿ ಪರೀಕ್ಷೆಗೆ ಲ್ಯಾಪ್‌ಟಾಪ್ ಕೇಳಬೇಕೋ, ಸ್ಕ್ರೈಬ್ (ಹೇಳಿದ್ದನ್ನು ಬರೆದುಕೊಡುವವರು) ಕೇಳಬೇಕೋ?

ಸಿಬಿಎಸ್‌ಇ ಅಂದಿದ್ದೀರಿ, ಅಲ್ಲಿ ಎರಡಕ್ಕೂ ಅವಕಾಶವಿದೆ. ಅರ್ಜಿ ಹಾಕುವ ಮೊದಲು ಮನೆಯಲ್ಲೇ ಅಳೆದು ನೋಡಿ. ಸಮಾಜ ವಿಜ್ಞಾನದಲ್ಲಿ ಐದೈದು ಅಂಕದ, ಒಂದೇ ಮಟ್ಟದ ಮೂರು ಪ್ರಶ್ನೆ ಆರಿಸಿ. ಒಂದನ್ನು ಕೈಯಲ್ಲಿ ಬರೆಯಲಿ, ಒಂದನ್ನು ಟೈಪ್ ಮಾಡಲಿ, ಇನ್ನೊಂದನ್ನು ಬಾಯಲ್ಲಿ ಹೇಳಲಿ, ನೀವು ಬರೆದುಕೊಳ್ಳಿ. ಬಾಯಲ್ಲಿ ಸರಾಗ, ಟೈಪಿಂಗ್‌ನಲ್ಲಿ ಅರ್ಧಕ್ಕೇ ನಿಂತರೆ ಸ್ಕ್ರೈಬ್ ಕೇಳಿ. ಟೈಪ್ ಮಾಡಿದ್ದು ಕೈಬರಹಕ್ಕಿಂತ ತುಂಬಿ ಬಂದಿದ್ದರೆ ಲ್ಯಾಪ್‌ಟಾಪ್. ಬಾಯಲ್ಲೂ ತಡವರಿಸಿದರೆ ತೊಂದರೆ ಬೆರಳಿನದಷ್ಟೇ ಅಲ್ಲ, ಉತ್ತರ ಜೋಡಿಸುವುದರಲ್ಲಿದೆ. ಅಂಥವನಿಗೆ ಹೆಚ್ಚುವರಿ ಸಮಯವೇ ದೊಡ್ಡದು: ಮೂರು ಗಂಟೆಯ ಪತ್ರಿಕೆಗೆ 60 ನಿಮಿಷ. ಸ್ಕ್ರೈಬ್ ಬೇಡವೆಂದರೆ ಈ ಸಮಯವೂ ಇಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಲ್ಯಾಪ್‌ಟಾಪ್‌ಗೆ ವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ಶಿಫಾರಸು ಬೇಕು. ಫಾರ್ಮ್ಯಾಟ್ ಮಾಡಿದ, ಅಂದರೆ ಒಳಗಿದ್ದದ್ದನ್ನೆಲ್ಲ ಅಳಿಸಿದ, ಯಂತ್ರವನ್ನು ನೀವೇ ಒಯ್ಯಬೇಕು, ಕೇಂದ್ರದ ಕಂಪ್ಯೂಟರ್ ಶಿಕ್ಷಕರು ಪರಿಶೀಲಿಸಿದ ಮೇಲೇ ಒಳಗೆ. ಇಂಟರ್ನೆಟ್ ಇರುವುದಿಲ್ಲ. ಫಾರ್ಮ್ಯಾಟ್ ಮಾಡಿದ ಮೇಲೆ ಕನ್ನಡ ಕೀಲಿಮಣೆ ಮತ್ತೆ ಹಾಕಲು ಮರೆಯಬೇಡಿ.

ಕನ್ನಡ ಪತ್ರಿಕೆಯಲ್ಲೇ ಹುಡುಗರು ಸಿಕ್ಕಿಹಾಕಿಕೊಳ್ಳುವುದು. ಫೋನಿನಲ್ಲಿ ಎರಡಕ್ಷರ ಒತ್ತಿದರೆ ಪದವೇ ಎದುರಿಗೆ ಬರುತ್ತದೆ, ಆ ಅಭ್ಯಾಸ ಇಲ್ಲಿ ನಡೆಯದು. ‘ನುಡಿ’ ಎಂಬ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ‘ಸ್ತ್ರ’ ಬರಬೇಕಾದರೆ ಎಸ್, ಎಫ್, ಟಿ, ಎಫ್, ಆರ್ ಎಂದು ಐದು ಕೀಲಿ ಒತ್ತಬೇಕು. ನಡುವೆ ಒಂದು ಎಫ್ ಬಿಟ್ಟರೆ ಒತ್ತಕ್ಷರ ಒಡೆಯಿತು. ಸಲಹೆ ಪದ, ಕಾಗುಣಿತ ತಿದ್ದುವಿಕೆ ಎರಡನ್ನೂ ಆಫ್ ಮಾಡಿಯೇ ಕೆಲವು ತಿಂಗಳು ಕೂರಿಸಿ. ಗಣಿತಕ್ಕಂತೂ ಟೈಪಿಂಗ್ ನನಗೆ ಸರಿಕಾಣುವುದಿಲ್ಲ. ಒಂದು ಭಿನ್ನರಾಶಿ ಕೂರಿಸುವಷ್ಟರಲ್ಲಿ ಲೆಕ್ಕದ ಎಳೆಯೇ ತಪ್ಪುತ್ತದೆ.

ಪ್ರಮಾಣಪತ್ರದ ತಾರೀಕು ನೋಡಿ. ಕಲಿಕಾ ನ್ಯೂನತೆಗೆ ಎಂಟನೇ ವಯಸ್ಸಿನಲ್ಲಿ ಪಡೆದದ್ದನ್ನು 14ಕ್ಕೆ ಮತ್ತೆ ಮಾಡಿಸಬೇಕು. ನಿಮ್ಹಾನ್ಸ್‌ನಂಥ ಕಡೆ ಸರದಿಗೆ ಕಾಯಬೇಕಾಗಬಹುದು, ಒಂಬತ್ತನೇ ತರಗತಿಯಲ್ಲೇ ಓಡಾಟ ಶುರುಮಾಡಿ.

ಸ್ಕ್ರೈಬ್ ಎಂದು ತೀರ್ಮಾನಿಸಿದರೆ ಹೇಳಿ ಬರೆಸುವುದನ್ನೂ ಕಲಿಸಬೇಕು. ‘ಹೊಸ ಸಾಲು’, ‘ಅಡಿಗೆರೆ’, ‘ಇದನ್ನು ಹೊಡೆದುಹಾಕಿ’ ಎಂದು ಬಾಯಿಬಿಟ್ಟು ಹೇಳದಿದ್ದರೆ ಆ ಕಡೆಯವರು ಬರೆಯುವುದಿಲ್ಲ. ವಾರಕ್ಕೊಂದು ಪೂರ್ತಿ ಪತ್ರಿಕೆಯನ್ನು ಮನೆಯವರಲ್ಲದ ಯಾರಿಗಾದರೂ ಹೇಳಿ ಬರೆಸಲಿ.